ನೀರಿನ ಬಿಲ್ಲೆಯ ಸಾಕ್ಷಿ

ನಾನು ಒಂದು ಉಕ್ಕಿನ ಬಿಲ್ಲೆ. ಅಂಗಿಯ ಗುಂಡಿಯಷ್ಟು ಅಗಲ. ಒಂದೇ ತಗಡಿನಲ್ಲಿ ಹುಟ್ಟಿದ ನನ್ನ ಅಣ್ಣಂದಿರು ಊಟದ ತಟ್ಟೆಗಳಾದರು. ನನ್ನನ್ನು ಭಗವಂತ ಹುಬ್ಬಳ್ಳಿಯ ಒಂದು ಪ್ರಯೋಗಾಲಯಕ್ಕೆ ಕಳಿಸಿದ. ಅವನ ಇಚ್ಛೆಗೆ ನನ್ನ ತಕರಾರಿಲ್ಲ. ತಕರಾರು ಮನುಷ್ಯರ ಮೇಲೆ.

ಅಲ್ಲಿ ಶಿವಲೀಲಾ ಎಂಬ ಹೆಣ್ಣುಮಗಳು ನಮ್ಮ ಬೆನ್ನ ಮೇಲೆ ವೈರಸ್ಸಿನ ಹನಿ ಒಣಗಿಸುತ್ತಿದ್ದಳು. ಉಳಿದ ಬಿಲ್ಲೆಗಳಿಗೆ ಕ್ರಿಮಿನಾಶಕ, ನನಗೆ ಬರೀ ನೀರು. ಅವುಗಳ ಮೇಲೆ ವೈರಸ್ ಸಾಯಬೇಕು, ನನ್ನ ಮೇಲೆ ಬದುಕಿರಬೇಕು. ಆಗಲೇ ಕೊಂದದ್ದು ಔಷಧವೇ ಎಂದು ನಂಬಬಹುದು. ನಾನು ಸಾಕ್ಷಿ.

ಒಮ್ಮೆ ಎಳೆಗೂಸುಗಳ ವಾರ್ಡಿಗೆ ಹೋಗಬೇಕಾದ ಕ್ರಿಮಿನಾಶಕ ಔಷಧವೊಂದು ಪರೀಕ್ಷೆಗೆ ಬಂತು. ವೈರಸ್ಸನ್ನು ಒಂದೇ ನಿಮಿಷದಲ್ಲಿ ಕೊಲ್ಲುತ್ತದೆಂದು ಕಂಪನಿಯ ಮಾತು. ಅಷ್ಟರಲ್ಲಿ ಆಯುಧಪೂಜೆ. ಕಾಯಿಸಿ ಶುದ್ಧಮಾಡಿಟ್ಟಿದ್ದ ನಮ್ಮನ್ನು ಮುದಿ ಜವಾನ ಬಸಲಿಂಗಪ್ಪ ಹೊರತೆಗೆದು, ಅದೇ ಔಷಧದಿಂದ ಒರೆಸಿ, ದೇವಿಯ ಮುಂದಿಟ್ಟು ಕೈಮುಗಿದ. ಮತ್ತೆ ಡಬ್ಬಿಗೆ ಹಾಕಿಟ್ಟ. ಔಷಧ ನಮ್ಮ ಮೈಮೇಲೇ ಒಣಗಿತು. ಯಾರಿಗೂ ತಿಳಿಯದು.

ಪರೀಕ್ಷೆಯಲ್ಲಿ ಒಂದೇ ನಿಮಿಷಕ್ಕೆ ವೈರಸ್ ಸತ್ತಿತೆಂದು ಮ್ಯಾನೇಜರ್ ಕುಬಸದ ಸಾಹೇಬರು ಹಿಗ್ಗಿದರು.

"ಸರ್, ನೀರಿನ ಬಿಲ್ಲೆ ಮ್ಯಾಲಿನ ವೈರಸ್ಸೂ ಸತ್ತಾವ್ರಿ," ಶಿವಲೀಲಾ ಅಂದಳು.

"ಸತ್ರ ಛಲೋನ ಆತಲ್ಲ!"

"ನೀರಿಗೇ ಸಾಯ್ತಾವಂದ್ರ ಔಷಧ ಯಾಕ್ರಿ? ಉಣಕಲ್ ಕೆರಿ ನೀರು ಬಾಟ್ಲಿಗೆ ತುಂಬಿ ಮಾರೂಣು."

"ಆ ಸಾಲು ರಿಪೋರ್ಟಿನ್ಯಾಗ ಬಿಟ್ಟುಬಿಡವಾ. ಕಂಪನಿಯವ್ರು ಕಾಯಾಕತ್ತಾರ."

ಸಾಕ್ಷಿಯ ಬಾಯನ್ನೇ ಹೊಲಿಯುವ ಮಾತು! ಬಾಯಿದ್ದಿದ್ದರೆ ಕೂಗುತ್ತಿದ್ದೆ.

ಶಿವಲೀಲಾ ಸಹಿ ಹಾಕಲಿಲ್ಲ. ಡಬ್ಬಿ ಮುಟ್ಟಿದವರು ಯಾರೆಂದು ಕೇಳುತ್ತ ಹೋದಳು. ಬಸಲಿಂಗಪ್ಪ ತಲೆ ತಗ್ಗಿಸಿದ. "ನಾನ ಒರಸೀನವ್ವ. ಬರೇ ನೀರಿಲೆ ಒರಸಿದ್ರ ದೇವಿ ಏನಂದಾಳು ಅಂತ..."

"ದೇವಿ ಏನೂ ಅನ್ನಂಗಿಲ್ಲ ಅಜ್ಜಾ. ಕೂಸುಗಳ ತಾಯಂದ್ರು ಅಂತಾರ."

ನಮ್ಮನ್ನು ತಿಕ್ಕಿ ತೊಳೆದು ಮತ್ತೆ ಪರೀಕ್ಷಿಸಿದಳು. ಔಷಧ ಹಾಕಿದ ಬಿಲ್ಲೆಗಳ ಮೇಲೆ ಒಂದು ನಿಮಿಷಕ್ಕೆ ವೈರಸ್ ಇನ್ನೂ ಬದುಕಿತ್ತು. ಸಾಯಲು ಹತ್ತು ನಿಮಿಷ ಬೇಕಾಯಿತು. ನನ್ನ ಮೇಲಿನದು ಕೊನೆಯವರೆಗೂ ಜೀವಂತ. ಕುಬಸದ ಸಾಹೇಬರು ಮುಖ ಹುಳ್ಳಗೆ ಮಾಡಿಕೊಂಡು, ಹತ್ತು ನಿಮಿಷವೆಂದೇ ಬರೆದ ವರದಿಗೆ ಸಹಿ ಹಾಕಿದರು.

ಈಗ ಮೈತುಂಬ ಗೀರು ಬಿದ್ದು ಕಪಾಟಿನ ಮೂಲೆ ಸೇರಿದ್ದೇನೆ. ಮೊನ್ನೆ ಬಸಲಿಂಗಪ್ಪ ಮೊಮ್ಮಗಳನ್ನು ನೋಡಲು ಆ ವಾರ್ಡಿಗೆ ಹೋಗಿದ್ದನಂತೆ. ಆಯಾ ಖಾಲಿ ತೊಟ್ಟಿಲಿಗೆ ಔಷಧ ಚಿಮುಕಿಸಿದವಳೇ ಒರೆಸಲು ಬಟ್ಟೆ ಎತ್ತಿದಳಂತೆ! ನಾವು ಬೆನ್ನು ಸವೆಸಿ ಹೇಳಿದ ಹತ್ತು ನಿಮಿಷಕ್ಕೆ ಇಷ್ಟೇ ಬೆಲೆಯೇ?

"ಆಮ್ಯಾಲೆ ಏನ್ ಮಾಡಿದಿ ಅಜ್ಜಾ?" ಶಿವಲೀಲಾ ಕೇಳಿದಳು.

"ಬಟ್ಟಿ ಕಸಗೊಂಡೆ. ಹತ್ತು ನಿಮಿಷ ತೊಟ್ಟಿಲಕ್ಕ ಅಡ್ಡ ನಿಂತೆ, ಶಿವಶಿವಾ ಅನಕೋತ. ಹುಚ್ಚ ಮುದುಕ ಅಂದ್ಲು. ಅಂದ್ರ ಅನ್ಲಿ ಬಿಡವಾ."