ಕಿಸೆಯಲ್ಲಿಟ್ಟ ಫ್ಯೂಸು

ತಾಯಪ್ಪ ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುವವನಲ್ಲ. ಬಸ್ಸಿನ ಕಂಬಿಯಿರಲಿ, ಬಾಗಿಲ ಚಿಲಕವಿರಲಿ, ಅಕ್ಕ ಪ್ರೇಮಾ ಕೊಡುವ ಚಹದ ಸ್ಟೀಲ್ ಲೋಟವಿರಲಿ, ಮೊದಲು ಬೆರಳಿನ ಹಿಂಬದಿಯನ್ನು ಸೋಕಿಸಿ, ಕ್ಷಣಕಾಲ ಉಸಿರು ಬಿಗಿಹಿಡಿದು, ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಹಿಡಿದುಕೊಳ್ಳುತ್ತಾನೆ. ಇಪ್ಪತ್ತೆರಡರ ಪ್ರಾಯ, ನಡಿಗೆ ಮಾತ್ರ ಹಸಿ ಗಾರೆಯ ಮೇಲೆ ಕಾಲಿಡುವವರದು. ನಗಬೇಡಿ, ಪಾಪ, ಆ ಭೀತಿಗೆ ಕಾರಣವಿತ್ತು.

ಮಾನ್ವಿಯಲ್ಲಿ ಸೋದರಮಾವನ ಜೊತೆ ಮನೆಮನೆಯ ವೈರಿಂಗ್ ಮಾಡುತ್ತ ಅವನು ಕಲಿತ ವಿದ್ಯೆಯ ಸಾರಸರ್ವಸ್ವ ಇಷ್ಟೇ: ಫ್ಯೂಸು ಕಿತ್ತು ಕಿಸೆಗೆ ಹಾಕಿಕೋ. ಕಿಸೆಯಲ್ಲಿರುವುದನ್ನು ಬೇರೆ ಯಾರೂ ಮರಳಿ ಹಾಕಲಾರರು. ಆಮೇಲೆ ತಂತಿ ಬರೀ ತಂತಿ. ಈ ನಿಶ್ಚಿಂತೆಯನ್ನೇ ಹೊತ್ತು ಹೈದರಾಬಾದಿಗೆ ಬಂದು, ಕೊಂಡಾಪುರದಲ್ಲಿ ಅಕ್ಕನ ಒಂದೇ ಕೋಣೆಯಲ್ಲಿ ಹಾಸಿಗೆ ಬಿಚ್ಚಿ, ಸೋಲಾರ್ ತರಬೇತಿಗೆ ಸೇರಿದ. ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ನಾ ಮುಂದು ತಾ ಮುಂದು ಎಂದು ಏಳುತ್ತಿದ್ದ ಕಾಲ. ಮಾಳಿಗೆಗಳ ಮೇಲೆ ಸೋಲಾರ್ ಹಲಗೆ ಕೂರಿಸುವವರು ಬೇಕಾಗಿದ್ದರು. ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮರಳಿ ಮಾನ್ವಿ.

ಮೊದಲ ಪರೀಕ್ಷೆಯ ದಿನ ರೂಢಿಯಂತೆ ಫ್ಯೂಸು ಕಿತ್ತು ಕಿಸೆಗಿಳಿಸಿ, ಹಲಗೆಯಿಂದ ಬಂದ ತಂತಿಗೆ ಧೈರ್ಯವಾಗಿ ಕೈಹಾಕಿದ. ಹೊಡೆತಕ್ಕೆ ಹಿಂದಕ್ಕೆ ಬಿದ್ದು ಕೂತ. ತರಬೇತಿ ಕೊಡುವ ಗುರುರಾಜರು ರಾಯಚೂರು ಕಡೆಯವರೇ.

“ಏನಲೇ ತಮ್ಮಾ, ಬಿಸಲು ಇರೋತನಕ ಹಲಗಿ ಕರೆಂಟ್ ಮಾಡಾಕತ್ತಿರತೈತಿ. ಸೂರ್ಯಗ ಫ್ಯೂಸ್ ಎಲ್ಲೈತಿ?” ಎಂದು ಫೇಲು ಮಾಡಿದರು.

ಅಂದಿನಿಂದ ಬೆಳಗಾಗುವುದೆಂದರೇ ಅವನಿಗೆ ದಿಗಿಲು. ಉಳಿದವರಿಗೆಲ್ಲ ಬಿಸಿಲು ಬಿಸಿಲಾದರೆ, ಇವನಿಗದು ಆರಿಸಲು ಬಾರದ ಕರೆಂಟು.

“ಲೋಟ ಯಾಕ ಹಂಗ ಮುಟ್ಟಿ ಮುಟ್ಟಿ ನೋಡತೀಯೋ?” ಎಂದು ಪ್ರೇಮಾ ಕೇಳಿದರೆ, “ಚಾ ಭಾಳ ಬಿಸಿ ಐತಿ ಅಕ್ಕಾ” ಎನ್ನುವನು.

ಎರಡನೆಯ ಪರೀಕ್ಷೆಗೆ ಕೊಟ್ಟದ್ದು ಅರ್ಧ ತಾಸು. ತಾಯಪ್ಪ ಕರೆಂಟು ಇದೆಯೇ ಎಂದು ಮೀಟರು ಹಚ್ಚಿ ನೋಡಿದ, ಬಿಸಿಲು ತಾಗದಂತೆ ಹಲಗೆಗೆ ದಪ್ಪ ತಾಡಪತ್ರಿ ಹೊದಿಸಿದ, ಮತ್ತೆ ನೋಡಿದ, ಗಾಳಿಗೆ ಎದ್ದ ಮೂಲೆಗೆ ಇಟ್ಟಿಗೆ ಹೇರಿ ಇನ್ನೊಮ್ಮೆ ನೋಡಿದ. ಜೊತೆಯವರು ಕೆಲಸ ಮುಗಿಸಿ ಬೆವರೊರೆಸಿಕೊಳ್ಳುವ ಹೊತ್ತಿಗೆ ಇವನು ಆಗಷ್ಟೇ ಸ್ಕ್ರೂಡ್ರೈವರ್ ಎತ್ತಿಕೊಂಡಿದ್ದ. ಟೈಮ್ ಆಯಿತು. ಮತ್ತೆ ಫೇಲು.

ಅಕ್ಕನಿಗೆ ಯಾವ ಮುಖ ತೋರಿಸಲೆಂದು ಗೇಟಿನ ಬಳಿ ನಿಂತವನ ಹತ್ತಿರ ಗುರುರಾಜರು ಸ್ಕೂಟರ್ ನಿಲ್ಲಿಸಿದರು. ಹಿಮಾಯತ್‌ನಗರದ ತಮ್ಮ ಮನೆಗೆ ಅವರಿಗೂ ಸೋಲಾರ್ ಹಾಕಿಸುವುದಿತ್ತು.

“ಐತವಾರ ಹಲಗಿ ಕೂಡಸಾಕ ನೀ ಬಾ. ಮಾಳಿಗಿ ಮ್ಯಾಲ ನಮ್ಮ ಹುಡುಗರು ಆಡತಾವು.”

“ನಾ ಫೇಲಾದವ್ರಿ ಸರ್.”

“ಹೌದು, ಅದು ಬ್ಯಾರೆ ಮಾತು. ಪರೀಕ್ಷಿ ಮುಂದಿನ ತಿಂಗಳ ಮತ್ತ ಕೊಡು” ಎಂದು ಗುರುರಾಜರು ಹೊರಟೇಬಿಟ್ಟರು.

ಇಂಥ ಅಂಜುಬುರುಕರನ್ನು ಕಂಡು ನಗುವುದು ಬಹಳ ಸುಲಭ. ಅವಸರದ ಮಹಾನಗರ ಅವರನ್ನು ನಿಧಾನಿಗಳೆಂದು ಸಾಲಿನಿಂದ ಹೊರಗೆ ನಿಲ್ಲಿಸುತ್ತಲೇ ಇರುತ್ತದೆ. ತನ್ನ ಸ್ವಂತ ಮಕ್ಕಳು ಓಡಾಡುವ ಕಡೆಗೆ ಮಾತ್ರ ಅವರನ್ನೇ ಹುಡುಕಿ ಕರೆದೊಯ್ಯುತ್ತದೆ.