ಏಳನೇ ಪ್ರಶ್ನೆಗೆ ಒಪ್ಪಿಗೆಯಿಲ್ಲ

ಸಣ್ಣ ಹೂಡಿಕೆದಾರರ ಸಂಘದ ಕಚೇರಿ ಟೈಲರ್ ಅಂಗಡಿಯ ಮಹಡಿಯಲ್ಲಿತ್ತು. ಕೆಳಗೆ ಹೊಲಿಗೆ ಯಂತ್ರ ಓಡಿದಾಗಲೆಲ್ಲ ಮೇಲೆ ಮೇಜು, ಕುರ್ಚಿ, ಕಿಟಕಿಯ ಗಾಜು ಎಲ್ಲ ಅಲುಗುತ್ತಿದ್ದವು. ಅಲುಗದವನು ಕಾರ್ಯದರ್ಶಿಯೊಬ್ಬನೇ. ಆತ ಟೀಚರಮ್ಮನ ಅಕ್ಕನ ಗಂಡ.

ನಲವತ್ತು ದಿನದಿಂದ ಆ ಮೆಟ್ಟಿಲು ಹತ್ತಿ ಇಳಿದು ಟೀಚರಮ್ಮ ಸುಸ್ತಾಗಿದ್ದಳು. ಇವತ್ತು ಸಂಜೆ ಐದಕ್ಕೆ ಗಡುವು. ದೇಶದೇಶದ ಕಂಪನಿಗಳು ಲೆಕ್ಕಪತ್ರ ಹೇಗೆ ಬರೆಯಬೇಕೆಂದು ನಿಯಮ ಮಾಡುವ ಅಂತರರಾಷ್ಟ್ರೀಯ ಮಂಡಳಿ ಹೊಸ ಕರಡು ಹೊರಡಿಸಿ, ಹೂಡಿಕೆದಾರರು ಏನನ್ನುತ್ತೀರಿ ಎಂದು ಹನ್ನೆರಡು ಪ್ರಶ್ನೆ ಕೇಳಿತ್ತು. ಅವಳಿಗೆ ಬೇಕಿದ್ದದ್ದು ಏಳನೆಯದು: ಯಾವ ನಷ್ಟವನ್ನು 'ಅಪರೂಪದ್ದು' ಎಂದು ಮಾಮೂಲಿ ಲೆಕ್ಕದಿಂದ ಬೇರೆ ಇಡಬಹುದೆನ್ನುವುದನ್ನು ಕಂಪನಿಯೇ ತೀರ್ಮಾನಿಸಲಿ, ಒಪ್ಪುತ್ತೀರಾ?

ಒಪ್ಪುವುದೆಲ್ಲಿಂದ ಬಂತು? ನಿವೃತ್ತಿಯ ದುಡ್ಡು ಹಾಕಿದ್ದ ಬಣ್ಣದ ಕಂಪನಿ ಸತತ ನಾಲ್ಕು ವರ್ಷ 'ಅಪರೂಪದ ನಷ್ಟ' ತೋರಿಸಿತ್ತು. ಅದನ್ನು ಬದಿಗಿಟ್ಟರೆ ಲಾಭವೋ ಲಾಭ. ಹಾಗೆ ಬದಿಗಿಟ್ಟೇ ಅವಳು ಕೆಟ್ಟಿದ್ದಳು. ವರ್ಷಾ ವರ್ಷ ಬರುವುದನ್ನು ಅಪರೂಪ ಎಂದು ಬರೆದವನಿಗೆ ತರಗತಿಯಲ್ಲಾದರೆ ಸೊನ್ನೆ ಹಾಕುತ್ತಿದ್ದಳು. ತನ್ನದು ಹೋದದ್ದು ಹೋಯಿತು, ಇನ್ನೊಬ್ಬರು ಮೋಸ ಹೋಗಬಾರದೆಂದು ಒಂದು ಪ್ಯಾರಾ ಬರೆದು ಸಂಘಕ್ಕೆ ಕೊಟ್ಟಿದ್ದಳು.

ಸಂಘದ ಪತ್ರ ಇವತ್ತು ಸಿದ್ಧವಾಗಿತ್ತು. ಹನ್ನೆರಡು ಪ್ರಶ್ನೆಗೂ ಒಂದೇ ಉತ್ತರ: 'ಸಂಪೂರ್ಣವಾಗಿ ಒಪ್ಪುತ್ತೇವೆ.' ಅವಳ ಪ್ಯಾರಾದ ಸುಳಿವೇ ಇಲ್ಲ.

ಭಾವ ಕನ್ನಡಕ ಒರೆಸಿಕೊಳ್ಳುತ್ತ ಸಮಜಾಯಿಷಿ ಕೊಟ್ಟ. ಅಷ್ಟು ದೊಡ್ಡವರು ನಮ್ಮನ್ನು ಕೇಳಿದ್ದೇ ಹೆಚ್ಚು, ಅವರ ಮುಖಕ್ಕೆ ಹೊಡೆದ ಹಾಗೆ ಬರೆಯುವುದು ಮರ್ಯಾದೆಯಲ್ಲ, ಸಂಘ ಯಾವತ್ತೂ ಹಾಗೆ ಬರೆದದ್ದಿಲ್ಲ. ಅದೇನೋ ನಿಜ. ಸಂಘ ಹುಟ್ಟಿದಾಗಿನಿಂದ ಬರೆದದ್ದೆಲ್ಲ ಒಂದೋ ಅಭಿನಂದನೆ, ಇಲ್ಲವೇ ಸಂತಾಪ.

"ಭಾವ, ಅವರು ಆಶೀರ್ವಾದ ಕೇಳ್ತಿಲ್ಲ. ತಪ್ಪೆಲ್ಲಿದೆ ಹೇಳಿ ಅಂತಿದ್ದಾರೆ."

"ಕಂಪನಿಯೋರು ಬರೀತಾರೆ, ಆಡಿಟರುಗಳು ಬರೀತಾರೆ. ನಿಂಗ್ಯಾಕೆ?"

"ಅವರು ಬರೀತಾರೆ ಅಂತಲೇ."

ಟೈಪಿಸ್ಟ್ ಹುಡುಗಿಯನ್ನು ಎಬ್ಬಿಸಿ ಕಂಪ್ಯೂಟರ್ ಮುಂದೆ ತಾನೇ ಕೂತಳು. ಮಂಡಳಿಯ ಪುಟ ತೆರೆದರೆ ಎರಡನೇ ಸಾಲಿನಲ್ಲೇ ಇತ್ತು: ಯಾರು ಬೇಕಾದರೂ ಸ್ವಂತ ಹೆಸರಲ್ಲಿ ಬರೆಯಬಹುದು, ಒಂದೇ ಪ್ರಶ್ನೆಗೆ ಉತ್ತರಿಸಿದರೂ ಸಾಕು. ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮೊದಲು ಪ್ರಶ್ನೆಪತ್ರಿಕೆ ಪೂರ್ತಿ ಓದಿ ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವಳು, ಸಂಘದ ಮೂಲಕವೇ ಬರೆಯಬೇಕೆಂದು ಭಾವ ಓದಿ ಹೇಳಿದ್ದನ್ನು ನಂಬಿ ನಲವತ್ತು ದಿನ ಮೆಟ್ಟಿಲು ಸವೆಸಿದ್ದಳು.

ಪ್ಯಾರಾವನ್ನು ಟೈಪ್ ಮಾಡಿ ಮುಗಿಸುವಾಗ ಇನ್ನೊಂದು ನೆನಪಾಯಿತು. ಸಂಘದ ಪ್ರತಿ ಪತ್ರಕ್ಕೂ ಸದಸ್ಯರೆಲ್ಲರ ಪಟ್ಟಿ ಲಗತ್ತಿಸುವ ಪದ್ಧತಿ. ನೂರಾ ಹನ್ನೆರಡು ಜನ, ಮೂವತ್ತೊಂಬತ್ತನೆಯವಳು ಅವಳು. ಅದೇ ಹೆಂಗಸು ಒಂದೇ ದಿನ ಒಪ್ಪುತ್ತೇನೆ ಅಂದಳು, ಒಪ್ಪಲ್ಲ ಅಂದಳು ಅಂತಾದರೆ ಅವಳ ಮಾತಿಗೆ ಕಿಮ್ಮತ್ತೇನು?

ತನ್ನ ಹೆಸರು ತೆಗೆಯಿರಿ ಅಂದಳು. ಕ್ರಮಸಂಖ್ಯೆ ಎಲ್ಲಾ ಹಾಳಾಗುತ್ತದೆ, ಅಧ್ಯಕ್ಷರ ಸಹಿ ಬೇರೆ ಆಗಿದೆ ಎಂದು ಭಾವ ಗೊಣಗಿದ. ಅವಳು ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಮೂವತ್ತೊಂಬತ್ತರ ಮೇಲೆ ಗೀಟು ಎಳೆದಳು.

"ನೂರಾ ಹನ್ನೊಂದು ಜನ ಒಪ್ಪಿರುವಾಗ ನಿಂದೊಬ್ಬಳದೇ..."

"ಅವರು ಒಪ್ಪಿಲ್ಲ ಭಾವ. ಅವರನ್ನ ನೀವು ಕೇಳೇ ಇಲ್ಲ."

ಹೊಲಿಗೆ ಯಂತ್ರ ನಿಂತಿತ್ತು. ಟೈಪಿಸ್ಟ್ ಹುಡುಗಿ ಗೀಟು ಬಿದ್ದ ಪಟ್ಟಿಯನ್ನು ಮತ್ತೆ ಸ್ಕ್ಯಾನ್ ಮಾಡತೊಡಗಿದಳು. ನಾಲ್ಕೂ ಐವತ್ತು. ಕೊನೆಯ ಪ್ರಶ್ನೆಯೊಂದು ಪರದೆಯ ಮೇಲೆ ಉಳಿದಿತ್ತು: ನಿಮ್ಮ ಪತ್ರವನ್ನು ಎಲ್ಲರೂ ಓದುವಂತೆ ಪ್ರಕಟಿಸಬಹುದೇ?

ಭಾವನ ಕಡೆ ಒಮ್ಮೆ ನೋಡಿ, 'ಹೌದು' ಒತ್ತಿದಳು.