ಸ್ಪ್ರೇಯರ್ ತೊಳೆಯುವ ಜಾಗದ ಮಣ್ಣು

ಮಲ್ಲಂದೂರಿನ ಕಾಫಿ ಎಸ್ಟೇಟಿನ ಗೋದಾಮಿನ ಹಿಂದೆ ಕಾಲಿಟ್ಟ ಕಾತ್ಯಾಯಿನಿ ಗಕ್ಕನೆ ನಿಂತಳು. ಕಪ್ಪಗಿನ, ನಾರುವ ಮಣ್ಣಿರಬೇಕಿದ್ದ ಕಡೆ ಬಿಳಿ ಮರಳು ಹಾಸಿತ್ತು.

ವರ್ಷಗಟ್ಟಲೆ ಕಳೆನಾಶಕದ ಸ್ಪ್ರೇಯರ್ ತೊಳೆದ ಜಾಗ ಅದು. ತೊಂಬತ್ತೇಳರಲ್ಲಿ ಸಂಶೋಧನೆಗೆಂದು ಶಿವಮೊಗ್ಗದಿಂದ ಬಂದವಳು ಡಬ್ಬಿ ಮಣ್ಣು ಒಯ್ದು, ಆ ವಿಷವನ್ನೇ ಊಟ ಮಾಡುವ ಬ್ಯಾಕ್ಟೀರಿಯಾಗಳನ್ನು ಕಂಡುಹಿಡಿದಿದ್ದಳು. ಅವುಗಳ ಒಂದು ಕಿಣ್ವ ವಿಷದ ಅಣುವಿನ ಬಾಲ ಕತ್ತರಿಸುತ್ತದೆ, ಇನ್ನೊಂದು ಉಂಗುರ ಬಿಚ್ಚುತ್ತದೆ, ಅದಕ್ಕೆ ಕಚ್ಚಿಕೊಂಡಿದ್ದ ಕ್ಲೋರಿನ್ ಕಳಚಿ ಬರೀ ಉಪ್ಪಾಗುತ್ತದೆ. ಇಳಿಜಾರಿನ ಕೆಳಗಿರುವ ಒರತೆಯ ನೀರು ಪರೀಕ್ಷೆಯಲ್ಲಿ ಶುದ್ಧವೆಂದು ಬಂದಿದ್ದು ಇವುಗಳ ದೆಸೆಯಿಂದಲೇ. ಆಳುಗಳ ಲೈನ್‌ಮನೆಗಳಿಗೆಲ್ಲ ಅದೇ ಕುಡಿಯುವ ನೀರು. ಈಗ ಲ್ಯಾಬಿನ ಫ್ರಿಜ್ಜು ಕೆಟ್ಟು, ಬೂಸ್ಟು ಹಿಡಿದು, ಸಾಕಿದ ಬ್ಯಾಕ್ಟೀರಿಯಾಗಳೆಲ್ಲ ಹಾಳಾಗಿದ್ದವು. ಮತ್ತೆ ಮಣ್ಣು ಸಿಗದಿದ್ದರೆ ಇಷ್ಟು ದಿನ ದುಡಿದದ್ದೆಲ್ಲ ನೀರಲ್ಲಿ ಹೋಮ.

ಮೇಸ್ತ್ರಿ ಬೊಮ್ಮಯ್ಯನ ಮುಖ ಮಾತ್ರ ಅರಳಿತ್ತು. ಹೋದ ಸಲ ಓದಿದ ಹೆಣ್ಣುಮಗಳು ಆ ಗಲೀಜಿನಲ್ಲಿ ಮೊಣಕಾಲೂರಿ ಕೂತದ್ದು ನೋಡಿ ಅವನಿಗೆ ನಾಚಿಕೆಯಾಗಿತ್ತಂತೆ. ಅವಳು ಮತ್ತೆ ಬಂದಾಳೆಂದು, ನೆಂಟರು ಬರುವ ಮೊದಲು ಅಂಗಳ ಸಾರಿಸುವ ಹಾಗೆ, ಬೇಸಿಗೆಯಲ್ಲೇ ಮಣ್ಣು ಕೆರೆಸಿ ಹೊಳೆಮರಳು ಹಾಕಿಸಿದ್ದ. ಇಂಥ ಮರ್ಯಾದೆಗೆ ಸಿಟ್ಟು ಮಾಡುವುದಾದರೂ ಹೇಗೆ?

ಆ ಮಣ್ಣನ್ನು ನರ್ಸರಿಯ ಚೀಲಗಳಿಗೆ ತುಂಬಿಸಿದೆ ಎಂದ. ಕಾತ್ಯಾಯಿನಿ ಓಡಿದಳು. ಕೊನೆಯ ಸಾಲಿನ ಕಾಫಿ ಸಸಿಗಳ ಕೆಳಗಿನ ಎಲೆಗಳು ಮುರುಟಿದ್ದವು, ಹೊಸ ಚಿಗುರು ನೆಟ್ಟಗಿತ್ತು. ಅಂದರೆ ಬ್ಯಾಕ್ಟೀರಿಯಾಗಳು ಮಣ್ಣಲ್ಲಿದ್ದ ವಿಷ ತಿಂದು ಮುಗಿಸಿವೆ, ಬದುಕಿವೆ! ಒಂದು ಚೀಲವನ್ನು ಕೂಸಿನ ಹಾಗೆ ಎತ್ತಿಕೊಂಡಳು. ಖುಷಿಗೆ ಕಣ್ಣು ತುಂಬಿತು.

ಆದರೂ ಚಡಪಡಿಕೆ ಬಿಡಲಿಲ್ಲ. ಎಲ್ಲೋ ಏನೋ ತಪ್ಪಿದೆ ಎನಿಸುತ್ತಿತ್ತು. ಥಟ್ಟನೆ ಹೊಳೆದು ತಿರುಗಿದಳು.

"ಬೊಮ್ಮಯ್ಯ, ಈಗ ಸ್ಪ್ರೇಯರ್ ಎಲ್ಲಿ ತೊಳೀತೀರಿ?"

"ಅಲ್ಲೇ ಮೇಡಂ. ಮರಳು ಹಾಕಿದ್ಮೇಲೆ ನೀರು ಒಂಚೂರೂ ನಿಲ್ಲಲ್ಲ, ಗಳಿಗೇಲಿ ಇಳ್ದು ಹೋಗ್ತದೆ."

ಅವಳು ಚೀಲ ಕೆಳಗಿಟ್ಟಳು. ಹಳೆಯ ಮಣ್ಣು ವಿಷವನ್ನು ಹಿಡಿದಿಟ್ಟು ತಿನ್ನುತ್ತಿತ್ತು, ಮರಳಿಗೆ ಆ ಶಕ್ತಿಯಿಲ್ಲ, ಬೇಸಿಗೆಯಿಂದ ವಿಷ ನೇರ ಒರತೆಗೇ ಇಳಿಯುತ್ತಿರಬೇಕು ಎಂದು ತಡವರಿಸುತ್ತ ಬಿಡಿಸಿ ಹೇಳಿದಳು.

ಬೊಮ್ಮಯ್ಯ ಇಳಿಜಾರಿನ ಕೆಳಗಿನ ಒರತೆಯ ಕಡೆ ತಿರುಗಿ ನೋಡಿದ.

"ಮೊಮ್ಮಗೂನ ಹಾಲಿಗೆ ಬೆರ್ಸೋದೂ ಅದೇ ನೀರು ಮೇಡಂ. ಚೊಕ್ಕ ಮಾಡ್ದೋನು ನಾನೇ," ಎಂದವನು ಲೈನಿನ ಕಡೆ ಓಡತೊಡಗಿದ.